ಮರೆತ ಹೆಸರಿನ ಬೆಲೆ

ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಬೆಳೆದವರಿಗೆ ಹೆಸರಿನ ಬೆಲೆಯೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯ ಮಾಲು ಖರ್ಚಾಗಬಹುದು, ಕಟ್ಟಡ ಕೈಬದಲಾಗಬಹುದು, ಪಾಲುದಾರರು ಬೇರೆಯಾಗಬಹುದು. ಆದರೆ ಎರಡು ಮೂರು ತಲೆಮಾರುಗಳ ಸರಿಯಾದ ತೂಕ, ಸರಿಯಾದ ಅಳತೆಗಳಿಂದ ಸಂಪಾದಿಸಿದ ಹೆಸರು ಗಿರಾಕಿಯನ್ನು ಮತ್ತೆ ಮತ್ತೆ ಅದೇ ಮೆಟ್ಟಿಲಿಗೆ ಕರೆತರುತ್ತದೆ. ಲೆಕ್ಕಶಾಸ್ತ್ರವು ಇದನ್ನು ಗುಡ್‌ವಿಲ್ ಎಂದು ಕರೆದು ಆಸ್ತಿಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನವನ್ನು ಕೊಟ್ಟಿದೆ. ಆದುದರಿಂದ ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವಿಗೂ ಬೆಲೆಯುಂಟೆಂಬುದು ವರ್ತಕ ಸಮುದಾಯಕ್ಕೆ ಹೊಸ ಸಂಗತಿಯೇನೂ ಅಲ್ಲ.

ಹೊಸದಾಗಿ ಬಂದಿರುವುದು ಬರಿಯ ಹೆಸರನ್ನೇ ಸರಕಾಗಿ ಕೊಂಡು ಮಾರುವ ಉದ್ಯೋಗ. ಅಂತರಜಾಲದಲ್ಲಿ ಒಂದು ಸಂಸ್ಥೆಯನ್ನು ಹುಡುಕಿಕೊಂಡು ಹೋಗಲು ಬಳಸುವ ವಿಳಾಸಕ್ಕೆ ಡೊಮೇನ್ ಹೆಸರೆನ್ನುತ್ತಾರೆ. ಡಾಟ್ ಕಾಮ್, ಡಾಟ್ ಇನ್ ಮುಂತಾದ ಬಾಲಗಳುಳ್ಳ ಹೆಸರುಗಳಿವು. ಈ ಹೆಸರುಗಳನ್ನು ಇಂದು ಕಡಿಮೆ ಬೆಲೆಗೆ ನೋಂದಾಯಿಸಿಟ್ಟುಕೊಂಡು, ಬೇಕಾದವರು ಬಂದಾಗ ಹೆಚ್ಚಿನ ಬೆಲೆಗೆ ಮಾರುವುದೇ ಈ ವ್ಯಾಪಾರ. ಇದರಲ್ಲಿ ಗೋದಾಮು ಬೇಡ, ಲಾರಿ ಬೇಡ, ಹಮಾಲಿ ಬೇಡ. ಹೀಗಿರುವಾಗ ಸುಶಿಕ್ಷಿತ ತರುಣರ ಮನಸ್ಸು ಇದರ ಕಡೆಗೆ ಹರಿಯುವುದು ಸಹಜವೇ ಆಗಿದೆ.

ಬೆಂಗಳೂರಿನ ಚಿಕ್ಕಪೇಟೆಯ ಜವಳಿ ವರ್ತಕರೊಬ್ಬರ ಮನೆಗೂ ಈ ವ್ಯಾಪಾರ ಕಾಲಿಟ್ಟಿತು. ಅವರ ಹಿರಿಯ ಮಗ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ. 2021ರಿಂದ ರಾತ್ರಿಯ ವೇಳೆ ಈ ಕೊಡುಕೊಳ್ಳುವಿಕೆಯಲ್ಲಿ ತೊಡಗಿದ್ದನು. ಅರವತ್ತು ದಾಟಿದ ತಂದೆಗೆ ಇದರ ಅರಿವು ಮಸುಕಾಗಿ ಇತ್ತೇ ಹೊರತು ವಿವರ ತಿಳಿದಿರಲಿಲ್ಲ. 2024ರ ದೀಪಾವಳಿಯಂದು ಲೆಕ್ಕದ ಪುಸ್ತಕಗಳ ಪೂಜೆಯಾದ ಮೇಲೆ ಅವರು ಮಗನನ್ನು ಕರೆದು, “ಮನೆಯ ಎಲ್ಲ ವ್ಯಾಪಾರಕ್ಕೂ ಕಿರ್ದಿಯುಂಟು, ಖಾತೆಯುಂಟು. ನಿನ್ನ ವ್ಯಾಪಾರದ ಲೆಕ್ಕವೆಲ್ಲಿ?” ಎಂದು ಕೇಳಿದರು. ಮಗನು ಕಂಪ್ಯೂಟರಿನಲ್ಲಿದ್ದ ಪಟ್ಟಿಯನ್ನು ಮುದ್ರಿಸಿ ತಂದು ಮುಂದಿಟ್ಟನು. ಅದರಲ್ಲಿ 156 ಹೆಸರುಗಳಿದ್ದವು. ಪ್ರತಿಯೊಂದರ ಎದುರಿಗೂ ಮಗನೇ ಅಂದಾಜು ಮಾಡಿದ ಬೆಲೆಯಿತ್ತು. ಕೊನೆಯಲ್ಲಿ ಒಟ್ಟು ಮೊತ್ತ 40 ಲಕ್ಷ ರೂಪಾಯಿ ಎಂದು ಬರೆದಿತ್ತು.

“ಇದು ಯಾರು ಕಟ್ಟಿದ ಬೆಲೆ?”

“ನಾನು ಕೇಳುವ ಬೆಲೆ, ಅಪ್ಪಾಜಿ.”

“ಕೇಳುವ ಬೆಲೆಯನ್ನು ದಾಸ್ತಾನಿನ ಬೆಲೆಯೆಂದು ಬರೆಯುವ ಪದ್ಧತಿ ಯಾವ ಪುಸ್ತಕದಲ್ಲಿದೆ? ಕೊಂಡ ಬೆಲೆ, ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ದಾಸ್ತಾನಿನ ಬೆಲೆ. ಬೀರುವಿನಲ್ಲಿ ಹತ್ತು ವರ್ಷದಿಂದ ಮಡಿಚಿಟ್ಟ ಸೀರೆಗೆ ನಾನು ಎಷ್ಟು ಬೇಕಾದರೂ ಕೇಳಬಹುದು. ಬ್ಯಾಂಕಿನವನು ಅದನ್ನು ಒಪ್ಪುತ್ತಾನೆಯೇ?”

ಅಲ್ಲಿಂದ ಇಬ್ಬರೂ ಕುಳಿತು ನಿಜವಾದ ಲೆಕ್ಕವನ್ನು ತೆಗೆದರು. ವರ್ಷಕ್ಕೆ ಒಂದು ಹೆಸರಿಗೆ ಸರಾಸರಿ 1,100 ರೂಪಾಯಿ ನೋಂದಣಿ ಅಥವಾ ನವೀಕರಣದ ವೆಚ್ಚ. ಮೊದಲ ವರ್ಷ 40 ಹೆಸರುಗಳಿಗೆ 44,000, ಎರಡನೆಯ ವರ್ಷ 90 ಹೆಸರುಗಳಿಗೆ 99,000, ಮೂರನೆಯ ವರ್ಷ 160 ಹೆಸರುಗಳಿಗೆ 1,76,000; ಒಟ್ಟು 3,19,000 ರೂಪಾಯಿ. ಆ ಮೂರು ವರ್ಷಗಳಲ್ಲಿ ಮಾರಾಟವಾದವು ನಾಲ್ಕೇ ಹೆಸರುಗಳು. ಬಂದ ಹಣ 2,65,000. ಮಾರಾಟಕಟ್ಟೆಯವರ ಶೇಕಡಾ 15ರ ದಲ್ಲಾಳಿ ಕಳೆದರೆ ಕೈಗೆ ಸೇರಿದ್ದು 2,25,250. ಅಂದರೆ ಪಟ್ಟಿಯ ಮೇಲೆ 40 ಲಕ್ಷದ ಐಶ್ವರ್ಯ, ಪೆಟ್ಟಿಗೆಯಲ್ಲಿ 93,750 ರೂಪಾಯಿಯ ನಷ್ಟ.

ಈ ನಷ್ಟದ ಮೂಲವನ್ನು ತಿಳಿಯಬೇಕಾದರೆ ಡೊಮೇನ್ ಹೆಸರಿನ ಸ್ವರೂಪವನ್ನು ಸ್ವಲ್ಪ ಅರಿತುಕೊಳ್ಳಬೇಕು. ಅಂತರಜಾಲದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳ ಮೂಲಕ. ಆ ಅಂಕಿಗಳನ್ನು ಮನುಷ್ಯರು ನೆನಪಿಡಲಾರರೆಂದು, ಅವುಗಳಿಗೆ ಹೆಸರುಗಳನ್ನು ಹೊಂದಿಸುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದರು. 1985ರ ಮಾರ್ಚ್ 15ರಂದು ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾಯಿತು. ಅದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಯದು. ಮುಂದೆ ಹತ್ತು ವರ್ಷಗಳ ಕಾಲ ಹೆಸರು ಬೇಕೆಂದವರಿಗೆ ಅದು ಉಚಿತವಾಗಿಯೇ ದೊರೆಯುತ್ತಿತ್ತು. 1995ರ ಸೆಪ್ಟೆಂಬರಿನಲ್ಲಿ ಎರಡು ವರ್ಷಗಳಿಗೆ 100 ಡಾಲರ್ ಶುಲ್ಕವನ್ನು ಗೊತ್ತುಮಾಡಲಾಯಿತು. 1998ರಲ್ಲಿ ಈ ವ್ಯವಸ್ಥೆಯ ಮೇಲ್ವಿಚಾರಣೆಗಾಗಿ ಐಕ್ಯಾನ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರವನ್ನು ವೆರಿಸೈನ್ ಕಂಪನಿಯು ನಡೆಸುತ್ತದೆ. ಅದು ಸಗಟಾಗಿ ವಿಧಿಸುವ ವಾರ್ಷಿಕ ಶುಲ್ಕ 2012ರಿಂದ 2021ರವರೆಗೆ 7 ಡಾಲರ್ 85 ಸೆಂಟ್ ಇದ್ದುದು, ಹಲವು ಏರಿಕೆಗಳ ಬಳಿಕ 2024ರ ಸೆಪ್ಟೆಂಬರಿನಲ್ಲಿ 10 ಡಾಲರ್ 26 ಸೆಂಟ್ ಆಯಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ; ಅದು ಕ್ರಯಪತ್ರವಲ್ಲ, ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳವರೆಗೆ ಪಡೆಯಬಹುದು. ಕಂತು ತಪ್ಪಿದರೆ ಹೆಸರೂ ತಪ್ಪುತ್ತದೆ. ನಿವೇಶನವನ್ನು ಕೊಂಡವನು ಕಾಯಬಲ್ಲನು, ಚಿನ್ನವನ್ನು ಕೊಂಡವನೂ ಕಾಯಬಲ್ಲನು. ಹೆಸರನ್ನು ಕೊಂಡವನಾದರೋ ಕಾಯುವ ಪ್ರತಿ ವರ್ಷಕ್ಕೂ ಬಾಡಿಗೆ ತೆರಬೇಕು. ಮಾರಾಟವಾಗುವ ನಾಲ್ಕು ಹೆಸರುಗಳು ಮಾರಾಟವಾಗದ ನೂರೈವತ್ತು ಹೆಸರುಗಳ ಬಾಡಿಗೆಯನ್ನು ಹೊರಬೇಕು.

ಹಾಗಾದರೆ ಇದರಲ್ಲಿ ಲಾಭ ಮಾಡಿದವರೇ ಇಲ್ಲವೇ ಎಂದರೆ, ಇದ್ದಾರೆ. ಬಿಸಿನೆಸ್ ಡಾಟ್ ಕಾಮ್ ಎಂಬ ಹೆಸರು 1997ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಮಾರಾಟವಾಗಿ, ಎರಡೇ ವರ್ಷಗಳಲ್ಲಿ, ಅಂದರೆ 1999ರಲ್ಲಿ, 75 ಲಕ್ಷ ಡಾಲರಿಗೆ ಕೈಬದಲಾಯಿತು. ವಾಯ್ಸ್ ಡಾಟ್ ಕಾಮ್ ಎಂಬ ಹೆಸರನ್ನು ಮೈಕ್ರೋಸ್ಟ್ರಾಟಜಿ ಕಂಪನಿಯು 2019ರಲ್ಲಿ 3 ಕೋಟಿ ಡಾಲರಿಗೆ ಮಾರಿತು. ಬಿಸಿನೆಸ್, ವಾಯ್ಸ್ ಎಂಬ ಪದಗಳು ಯಾರೊಬ್ಬರ ದುಡಿಮೆಯಿಂದಲೂ ಹುಟ್ಟಿದವಲ್ಲ. ಭಾಷೆಯ ಸಾಮಾನ್ಯ ಸಂಪತ್ತು. ಅವುಗಳನ್ನು ಮೊದಲೇ ಗುರುತಿಸಿ, ಬಾಡಿಗೆ ತೆತ್ತು, ನಷ್ಟದ ಅಪಾಯವನ್ನು ಹೊತ್ತು ಕಾಯ್ದವನು ಲಾಭವನ್ನು ಪಡೆದರೆ ಅದನ್ನು ಅನ್ಯಾಯವೆನ್ನಲಾಗದು. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಅಂಗಡಿ ಹಿಡಿದವನ ದೂರದೃಷ್ಟಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಚಿಕ್ಕಪೇಟೆಯ ವರ್ತಕರೂ ಇದನ್ನು ಒಪ್ಪಿದರು. ಆದರೆ ಪಟ್ಟಿಯನ್ನು ಪುನಃ ಕೈಗೆತ್ತಿಕೊಂಡು ಅವರು ಇನ್ನೊಂದು ಪ್ರಶ್ನೆಯನ್ನು ಕೇಳಿದರು: “ಈ ಒಂದೊಂದು ಹೆಸರಿಗೂ ಬೆಲೆ ಎಲ್ಲಿಂದ ಬಂತು ಎಂಬುದನ್ನು ಎದುರಿಗೆ ಬರೆಯುತ್ತಾ ಹೋಗು.”

ಬರೆಯತೊಡಗಿದಾಗ 156 ಹೆಸರುಗಳು ತಾವಾಗಿಯೇ ಮೂರು ಗುಂಪುಗಳಾದವು. 126 ಹೆಸರುಗಳು ಸಾಮಾನ್ಯ ಪದಗಳು, ಪದಗಳ ಜೋಡಣೆಗಳು. ಇವುಗಳ ಬಗ್ಗೆ ತಂದೆಯ ಆಕ್ಷೇಪವಿರಲಿಲ್ಲ. 22 ಹೆಸರುಗಳು ಯಾವುದೋ ಪ್ರಸಿದ್ಧ ಅಂಗಡಿಯ, ಕಂಪನಿಯ ಹೆಸರನ್ನು ಒಂದಕ್ಷರದ ವ್ಯತ್ಯಾಸದಲ್ಲಿ ಹೋಲುತ್ತಿದ್ದವು. ಅಥವಾ ಒಂದು ಊರಿನ ನೇಕಾರರೆಲ್ಲರ ಸೊತ್ತಾದ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಳಕಲ್ ಸೀರೆಯಂಥ ಹೆಸರುಗಳಾಗಿದ್ದವು. ಉಳಿದ 8 ಹೆಸರುಗಳು ಹಿಂದೆ ಬೇರೆಯವರದಾಗಿದ್ದು, ಅವರು ಕಂತು ಕಟ್ಟದೆ ಬಿಟ್ಟುಹೋದಾಗ ಹಿಡಿದುಕೊಂಡವು.

ಎರಡನೆಯ ಗುಂಪಿನ ಇತಿಹಾಸ ಈ ವ್ಯಾಪಾರದಷ್ಟೇ ಹಳೆಯದು. 1994ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಮೆಕ್‌ಡೊನಾಲ್ಡ್ಸ್ ಕಂಪನಿಯು ತನ್ನ ಹೆಸರನ್ನೇ ಇನ್ನೂ ನೋಂದಾಯಿಸಿಲ್ಲವೆಂಬುದನ್ನು ಕಂಡು, ಕಂಪನಿಗೆ ದೂರವಾಣಿಯಲ್ಲಿ ತಿಳಿಸಿದರೂ ಸರಿಯಾದ ಉತ್ತರ ಬಾರದಿರಲು, ತಾವೇ ಅದನ್ನು ನೋಂದಾಯಿಸಿದರು. ಮುಂದೆ ಅದನ್ನು ಬಿಟ್ಟುಕೊಟ್ಟಾಗ ಅವರು ತಮಗಾಗಿ ಹಣವನ್ನು ಪಡೆಯಲಿಲ್ಲ. ಬ್ರೂಕ್ಲಿನ್‌ನ ಒಂದು ಶಾಲೆಗೆ ಅಂತರಜಾಲದ ಸಲಕರಣೆಗಳಿಗಾಗಿ ಕಂಪನಿಯಿಂದ 3,500 ಡಾಲರ್ ಕೊಡಿಸಿದರು. ಎಲ್ಲರೂ ಹಾಗಿರಲಿಲ್ಲ. 1995ರಲ್ಲಿ ಮತ್ತೊಬ್ಬರು ಪ್ಯಾನಾವಿಷನ್ ಎಂಬ ಸಿನಿಮಾ ಕ್ಯಾಮೆರಾ ಕಂಪನಿಯ ಹೆಸರನ್ನು ನೋಂದಾಯಿಸಿಕೊಂಡು, ಬಿಟ್ಟುಕೊಡಲು 13,000 ಡಾಲರ್ ಕೇಳಿದರು. ಕಂಪನಿ ಒಪ್ಪದಿದ್ದಾಗ ಅದರ ಇನ್ನೊಂದು ಮುದ್ರೆಯಾದ ಪ್ಯಾನಾಫ್ಲೆಕ್ಸ್ ಹೆಸರನ್ನೂ ಹಿಡಿದರು. 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಕಂಪನಿಯ ಪರವಾಗಿ ತೀರ್ಪಿತ್ತಿತು. 1999ರಲ್ಲಿ ಆ ದೇಶವು ಇದಕ್ಕಾಗಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಅದೇ ವರ್ಷ ಐಕ್ಯಾನ್ ಸಂಸ್ಥೆಯು ವಿಶ್ವಕ್ಕೆಲ್ಲ ಅನ್ವಯಿಸುವ ವಿವಾದ ಪರಿಹಾರ ನಿಯಮವನ್ನು ಅಂಗೀಕರಿಸಿತು. ಅದರಂತೆ ದೂರುದಾರನು ಮೂರು ಸಂಗತಿಗಳನ್ನು ಸಾಧಿಸಬೇಕು: ಹೆಸರು ತನ್ನ ವ್ಯಾಪಾರಮುದ್ರೆಯಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ, ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಅದನ್ನು ಹಿಡಿದದ್ದೂ ಬಳಸಿದ್ದೂ ದುರುದ್ದೇಶದಿಂದ.

ನಮ್ಮ ನಾಡಿನಲ್ಲಿಯೇ ಇಂಥ ಒಂದು ಮಹತ್ತ್ವದ ವ್ಯಾಜ್ಯ ನಡೆದಿದೆ. ಸತ್ಯಂ ಇನ್ಫೋವೇ ಕಂಪನಿಯು 1999ರಿಂದ ಸಿಫಿ ಎಂಬ ಹೆಸರಿನ ಡೊಮೇನುಗಳನ್ನು ಹೊಂದಿತ್ತು. 2001ರಲ್ಲಿ ಸಿಫಿನೆಟ್ ಸಲ್ಯೂಷನ್ಸ್ ಎಂಬ ಸಂಸ್ಥೆಯು ಇಂಗ್ಲಿಷಿನಲ್ಲಿ ಒಂದು ‘ಎಫ್’ ಅಕ್ಷರವನ್ನು ಹೆಚ್ಚಾಗಿ ಸೇರಿಸಿದ ಹೆಸರನ್ನು ನೋಂದಾಯಿಸಿತು. ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರಗಳಿಂದ ಆ ಹೆಸರು ಹುಟ್ಟಿತೆಂಬುದು ಅದರ ವಾದವಾಗಿತ್ತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಪುನಃ ಎತ್ತಿಹಿಡಿಯಿತು. ಡೊಮೇನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸುವುದರ ವಿರುದ್ಧ ಇರುವ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂಬುದು ಆ ತೀರ್ಪಿನ ಸಾರ. ಕಾನೂನಿನ ದೃಷ್ಟಿಗೆ 2004ರಲ್ಲಿ ಸ್ಪಷ್ಟವಾದುದನ್ನು ಶ್ರಾವಕಾಚಾರವು ಬಹಳ ಹಿಂದೆಯೇ ಪ್ರತಿರೂಪಕ ವ್ಯವಹಾರವೆಂದು ಕರೆದು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಅಸಲಿಗೆ ನಕಲನ್ನು ಬೆರೆಸುವುದು ತುಪ್ಪದಲ್ಲಾದರೇನು, ಅಕ್ಷರದಲ್ಲಾದರೇನು?

ಮಗನು ಈ 22 ಹೆಸರುಗಳ ವಿಷಯದಲ್ಲಿ ಹೆಚ್ಚು ಹಟ ಹಿಡಿಯಲಿಲ್ಲ. ಅವುಗಳಿಂದ ವ್ಯಾಜ್ಯ ಬರುವ ಸಂಭವವುಂಟೆಂದು ಅವನಿಗೂ ತಿಳಿದಿತ್ತು. ಆದರೂ ಅವನು ಆಗ ಪತ್ರಿಕೆಗಳಲ್ಲೆಲ್ಲ ಬಂದಿದ್ದ ಒಂದು ಪ್ರಸಂಗವನ್ನು ಮುಂದಿಟ್ಟನು. ಜಿಯೊ ಮತ್ತು ಹಾಟ್‌ಸ್ಟಾರ್ ಒಂದಾಗಬಹುದೆಂದು ಊಹಿಸಿ ದೆಹಲಿಯ ತರುಣ ತಂತ್ರಜ್ಞನೊಬ್ಬನು 2023ರಲ್ಲೇ ಎರಡೂ ಹೆಸರುಗಳನ್ನು ಜೋಡಿಸಿದ ಡೊಮೇನನ್ನು ಪಡೆದಿದ್ದನು. 2024ರ ಅಕ್ಟೋಬರಿನಲ್ಲಿ ಅವನು ಅದೇ ಜಾಲತಾಣದಲ್ಲಿ ಒಂದು ಪತ್ರವನ್ನು ಪ್ರಕಟಿಸಿ, ಹೆಸರಿಗೆ ಬದಲಾಗಿ ಕೇಂಬ್ರಿಜ್‌ನಲ್ಲಿ ತನ್ನ ವ್ಯಾಸಂಗದ ವೆಚ್ಚವನ್ನು ರಿಲಯನ್ಸ್ ಸಂಸ್ಥೆಯು ಕೊಡಬೇಕೆಂದು ಕೋರಿದನು. ಆ ವೆಚ್ಚ ಸುಮಾರು 1 ಕೋಟಿ ರೂಪಾಯಿ.

“ಅವನು ಊಹಿಸಿದ್ದು ದೂರದೃಷ್ಟಿಯಲ್ಲವೇ, ಅಪ್ಪಾಜಿ?”

“ಊಹಿಸಿದ್ದು ದೂರದೃಷ್ಟಿಯೇ. ಆದರೆ ಆ ಹೆಸರಿಗೆ ಬೆಲೆ ತಂದವರು ಆ ಎರಡು ಸಂಸ್ಥೆಗಳು. ಇಬ್ಬರ ಮದುವೆ ಗೊತ್ತಾಗುವುದನ್ನು ತಿಳಿದು ಛತ್ರದ ಬಾಗಿಲಲ್ಲಿ ಬೀಗ ಹಿಡಿದು ನಿಂತವನಿಗೆ ಕೊಡುವ ಹಣ ಯಾವ ಖಾತೆಗೆ ಸೇರುತ್ತದೆ? ವಿದ್ಯೆಯ ಆಸೆ ದೊಡ್ಡದು, ಅದನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಒಳ್ಳೆಯ ಉದ್ದೇಶವು ಹಣದ ಮೂಲವನ್ನು ಬದಲಾಯಿಸುವುದಿಲ್ಲ.”

ಆ ಪ್ರಸಂಗದ ಮುಂದಿನ ಭಾಗವನ್ನೂ ಇಲ್ಲಿಯೇ ಹೇಳಬಹುದು. ಅನಂತರ ಆ ಹೆಸರನ್ನು ದುಬೈಯಲ್ಲಿ ನೆಲಸಿದ್ದ, ಶಾಲೆಯಲ್ಲಿ ಓದುತ್ತಿದ್ದ ಅಣ್ಣ ತಂಗಿಯರಿಬ್ಬರು ಕೊಂಡರು. ಸ್ವಲ್ಪ ಕಾಲ ತಮ್ಮ ಸೇವಾಕಾರ್ಯಗಳ ವಿವರಗಳನ್ನು ಅದರಲ್ಲಿ ಪ್ರಕಟಿಸಿ, ಹೆಸರನ್ನು ಸಂಸ್ಥೆಗೆ ಉಚಿತವಾಗಿ, ಸರಿಯಾದ ಕಾಗದಪತ್ರಗಳೊಡನೆ ವರ್ಗಾಯಿಸಲು ತಾವು ಸಿದ್ಧರೆಂದು ಸಾರಿದರು. 2025ರ ಫೆಬ್ರವರಿಯಲ್ಲಿ ಜಿಯೊಹಾಟ್‌ಸ್ಟಾರ್ ಎಂಬ ಸೇವೆಯು ಆರಂಭವಾಯಿತು. ದೊಡ್ಡವರು ಕೋಟಿಯ ಲೆಕ್ಕ ಹಾಕುವ ವಸ್ತುವನ್ನು ಮಕ್ಕಳು ಕೈಬಿಡಲು ಸಿದ್ಧರಾದುದು ವಿಚಾರಾರ್ಹವಾದ ಸಂಗತಿ.

ನಿಜವಾದ ತೊಡಕು ಬಂದದ್ದು ಮೂರನೆಯ ಗುಂಪಿನಲ್ಲಿ. ಆ ಎಂಟು ಹೆಸರುಗಳಲ್ಲಿ ಒಂದು ಮೈಸೂರಿನ ಸಣ್ಣ ಅಗರಬತ್ತಿ ತಯಾರಕರದು. ಆ ಗೃಹಸ್ಥರು ಹದಿನೈದು ವರ್ಷಗಳ ಹಿಂದೆ ತಮ್ಮ ಮುದ್ರೆಯ ಹೆಸರಿನಲ್ಲಿ ಡೊಮೇನನ್ನು ಪಡೆದು, ಅದರ ಮೂಲಕ ಹೊರದೇಶದ ಕೆಲವು ಅಂಗಡಿಗಳಿಂದ ಬೇಡಿಕೆಗಳನ್ನು ಪಡೆಯುತ್ತಿದ್ದರು. 2023ರಲ್ಲಿ ಅವರು ತೀರಿಕೊಂಡರು. ಡೊಮೇನ್ ನೋಂದಣಿದಾರರು ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ ಬಳಿಕ ಐದು ದಿನಗಳೊಳಗೆ ಮತ್ತೊಮ್ಮೆ ಜ್ಞಾಪನ ಕಳುಹಿಸಬೇಕೆಂಬ ನಿಯಮವಿದೆ. ಮೂರು ಜ್ಞಾಪನಗಳೂ ಬಂದವು. ಬಂದದ್ದು ತೀರಿಕೊಂಡವರ ಇ-ಮೇಲ್ ಪೆಟ್ಟಿಗೆಗೆ. ಅದನ್ನು ತೆರೆಯುವವರು ಯಾರೂ ಇರಲಿಲ್ಲ. ಅವಧಿ ಮುಗಿದ ಹೆಸರು ನೋಂದಣಿದಾರರ ಬಳಿ 45 ದಿನಗಳವರೆಗೆ ಇರಬಹುದು. ಆಮೇಲೆ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶ. ಕೊನೆಗೆ 5 ದಿನ ಯಾರಿಗೂ ಸಿಗದಂತೆ ನಿಂತು, ಅನಂತರ ಹೆಸರು ಎಲ್ಲರಿಗೂ ಬಯಲಾಗುತ್ತದೆ. ಬಯಲಾದ ಕ್ಷಣದಲ್ಲೇ ಹಿಡಿಯಲು ಯಂತ್ರಗಳನ್ನು ನಿಲ್ಲಿಸಿಕೊಂಡು ಕಾಯುವವರಿದ್ದಾರೆ. ಅಂಥ ಒಂದು ಸೇವೆಯ ಮೂಲಕ ಮಗನು ಆ ಹೆಸರನ್ನು 6,200 ರೂಪಾಯಿಗೆ ಪಡೆದಿದ್ದನು. ಹಳೆಯದಾದ, ಹೊರದೇಶದ ತಾಣಗಳಿಂದ ಕೊಂಡಿಗಳಿರುವ ಹೆಸರೆಂಬುದಷ್ಟೇ ಅವನಿಗೆ ಗೊತ್ತಿದ್ದುದು. ಹಿಂದಿನವರು ಯಾರೆಂದು ಅವನು ವಿಚಾರಿಸಿರಲಿಲ್ಲ.

ಆರು ತಿಂಗಳ ಬಳಿಕ ಆ ಗೃಹಸ್ಥರ ಮಗಳು ಒಂದು ಪತ್ರ ಬರೆದಳು. ತಂದೆಯ ಕೆಲಸವನ್ನು ತಾನೇ ಮುಂದುವರಿಸುತ್ತಿರುವುದಾಗಿಯೂ, ಹಳೆಯ ಗಿರಾಕಿಗಳ ಪತ್ರಗಳು ತನಗೆ ತಲುಪುತ್ತಿಲ್ಲವಾಗಿಯೂ, ಹೆಸರನ್ನು ಹಿಂದಿರುಗಿಸಲು ಏನು ಕೊಡಬೇಕೆಂದೂ ಕೇಳಿದ್ದಳು. ಮಗನು ಮಾರಾಟಕಟ್ಟೆಯ ದಲ್ಲಾಳಿಯನ್ನು ವಿಚಾರಿಸಿದನು. ದಲ್ಲಾಳಿಯ ಸಲಹೆ ಸರಳವಾಗಿತ್ತು: ಇಷ್ಟು ಅಗತ್ಯವಿರುವ ಗಿರಾಕಿ ಇನ್ನೊಬ್ಬರು ಸಿಗಲಾರರು, ಎರಡು ಲಕ್ಷ ಕೇಳಬೇಕು. ಕೇಳಿದ ಪತ್ರ ಹೋಗಿತ್ತು. ಉತ್ತರ ಇನ್ನೂ ಬಂದಿರಲಿಲ್ಲ. ಪಟ್ಟಿಯಲ್ಲಿ ಆ ಹೆಸರಿನ ಎದುರಿಗೆ 2,00,000 ಎಂದು ಬರೆದಿತ್ತು.

ವರ್ತಕರು ಬಹಳ ಹೊತ್ತು ಮಾತನಾಡಲಿಲ್ಲ. ಮಗನೇ ಮಾತನ್ನು ಆರಂಭಿಸಿದನು.

“ನಾನು ಕದ್ದಿಲ್ಲ, ಅಪ್ಪಾಜಿ. ಎಪ್ಪತ್ತೈದು ದಿನ ಅವರಿಗೆ ಅವಕಾಶವಿತ್ತು. ಬಯಲಿಗೆ ಬಿದ್ದದ್ದನ್ನು ನಿಯಮದಂತೆ ಹಣ ಕೊಟ್ಟು ತೆಗೆದುಕೊಂಡೆ. ನಾನಲ್ಲದಿದ್ದರೆ ಅದೇ ಕ್ಷಣದಲ್ಲಿ ಇನ್ನೊಬ್ಬನು ತೆಗೆದುಕೊಳ್ಳುತ್ತಿದ್ದನು.”

ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವನು ಹೇಳಿದ ಪ್ರತಿಯೊಂದು ಮಾತೂ ನಿಜ. ಆ ಹೆಣ್ಣುಮಗಳು ಐಕ್ಯಾನ್ ನಿಯಮದಂತೆ ದೂರು ಕೊಡಬಹುದಾಗಿತ್ತು; ಆದರೆ ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ನಿರ್ಣಾಯಕರ ಮುಂದೆ ದೂರು ಹೂಡುವ ಶುಲ್ಕವೇ 1,500 ಡಾಲರ್, ಎಂದರೆ ಒಂದೂಕಾಲು ಲಕ್ಷ ರೂಪಾಯಿಗೆ ಮೀರಿದ ಹಣ. ಅದಲ್ಲದೆ ದುರುದ್ದೇಶವನ್ನು ಸಾಧಿಸಬೇಕು; ಅವಳ ತಂದೆ ತಮ್ಮ ಮುದ್ರೆಯನ್ನು ಸರ್ಕಾರದಲ್ಲಿ ನೋಂದಾಯಿಸಿಯೂ ಇರಲಿಲ್ಲ. ಮೆಕ್‌ಡೊನಾಲ್ಡ್ಸ್ ಕಂಪನಿಗೆ, ಪ್ಯಾನಾವಿಷನ್ ಕಂಪನಿಗೆ ದೊರೆತ ನ್ಯಾಯವು ಎಂಟು ಜನ ಹೆಂಗಸರು ಬತ್ತಿ ಹೊಸೆಯುವ ಒಂದು ಮನೆಗೆ ಎಟುಕುವ ಎತ್ತರದಲ್ಲಿಲ್ಲ. ಕಾನೂನು ಕೈಚಾಚಲಾರದ ಇಂಥ ಸ್ಥಳದಲ್ಲಿಯೇ ವರ್ತಕನ ಶೀಲಕ್ಕೆ ಪರೀಕ್ಷೆಯಾಗುವುದು.

“ಇನ್ನೊಬ್ಬನು ತೆಗೆದುಕೊಂಡಿದ್ದರೆ ಅದು ಅವನ ಲೆಕ್ಕದಲ್ಲಿ ಬರುತ್ತಿತ್ತು, ಮಗು. ಈಗ ನಮ್ಮ ಲೆಕ್ಕದಲ್ಲಿ ಬಂದಿದೆ” ಎಂದರು ವರ್ತಕರು. “6,200 ರೂಪಾಯಿಯ ವಸ್ತುವಿಗೆ ನೀನು ಎರಡು ಲಕ್ಷ ಕೇಳಿದ್ದೀಯೆ. ಉಳಿದ 1,93,800 ರೂಪಾಯಿ ಎಲ್ಲಿಂದ ಬಂತು? ನೀನು ಹುಡುಕಿದ ಪದದಿಂದಲ್ಲ, ಕಾದ ಕಾಲದಿಂದಲೂ ಅಲ್ಲ. ಒಬ್ಬನ ಹದಿನೈದು ವರ್ಷದ ದುಡಿಮೆಯಿಂದ, ಅವನ ಸಾವಿನಿಂದ, ಅವನ ಮಗಳ ಭಯದಿಂದ ಬಂತು. ಈ ಮೂರರಲ್ಲಿ ಯಾವುದನ್ನು ನಾವು ಮಾರಬಹುದು?”

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ, ಇತರರು ಇಟ್ಟ ವಸ್ತುವಿನ ಜೊತೆಗೆ ಬಿದ್ದುಹೋದ ವಸ್ತುವನ್ನೂ, ಮರೆತುಬಿಟ್ಟ ವಸ್ತುವನ್ನೂ ಅದೇ ಎಲ್ಲೆಯೊಳಗೆ ತಂದಿದ್ದಾರೆ. ಕೈಯಿಂದ ಕಿತ್ತುಕೊಂಡರೆ ಮಾತ್ರ ಕಳವು ಎಂಬ ಸಾಮಾನ್ಯ ತಿಳಿವಳಿಕೆಗಿಂತ ಇದು ಬಹು ದೂರ ಹೋದ ವಿಚಾರ. ಬೇಕೆಂದು ಬಿಟ್ಟುಕೊಟ್ಟದ್ದು ಬೇರೆ, ಮರೆತು ಬಿಟ್ಟುಹೋದದ್ದು ಬೇರೆ. ಕಂಪ್ಯೂಟರಿಗೆ ಈ ಎರಡರ ಭೇದ ತಿಳಿಯದು. ಅದಕ್ಕೆ ಕಾಣುವುದು ಮುಗಿದ ದಿನಾಂಕ ಮಾತ್ರ. ಭೇದವನ್ನು ತಿಳಿಯಬೇಕಾದವನು ಕೊಳ್ಳುವ ಮನುಷ್ಯ. ಒಂದು ಪತ್ರವನ್ನು ಬರೆದು, “ಈ ಹೆಸರು ತಮಗೆ ಬೇಡವೇ?” ಎಂದು ಹಿಂದಿನವರನ್ನು ಕೇಳುವುದು ಅವನಿಗೆ ಅಸಾಧ್ಯವಾದ ಕೆಲಸವೇನಲ್ಲ.

ಮರುದಿನ ಬೆಳಗ್ಗೆ ತಂದೆಯೇ ಮೈಸೂರಿಗೆ ದೂರವಾಣಿ ಮಾಡಿದರು. ಆ ಹೆಣ್ಣುಮಗಳು ಮೊದಲು ನಂಬಲಿಲ್ಲ.

“ಎಷ್ಟು ಕಳುಹಿಸಬೇಕು, ಯಜಮಾನರೆ?”

“ಕೊಂಡದ್ದು 6,200 ತಾಯಿ. ಅಷ್ಟೇ. ರಸೀದಿ ಕಳುಹಿಸುತ್ತೇನೆ.”

“ಎರಡು ಲಕ್ಷ ಎಂದು ಬರೆದಿದ್ದರು. ನಾನು ಬೇರೆ ಹೆಸರನ್ನು ಆರಿಸಿ, ಡಬ್ಬಿಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿಸಲು ಹೊರಟಿದ್ದೆ.”

“ಹಾಕಿಸಬೇಡಿ. ನಿಮ್ಮ ತಂದೆಯವರ ಹೆಸರು ನಿಮ್ಮಲ್ಲಿಯೇ ಇರಲಿ.”

ಪಕ್ಕದಲ್ಲಿ ನಿಂತಿದ್ದ ಮಗನಿಗೆ ಆಗ ಮುಖವಿಲ್ಲದ ಒಂದು ಗಿರಾಕಿಯ ಧ್ವನಿ ಮೊದಲ ಬಾರಿಗೆ ಕೇಳಿಸಿತು. ವರ್ಗಾವಣೆಯ ಕೆಲಸವನ್ನು ಅವನೇ ಆ ದಿನ ಸಂಜೆ ಕುಳಿತು ಆರಂಭಿಸಿದನು. ಅವಧಿಯನ್ನು ಮರೆಯದಿರಲು ಏನು ಮಾಡಬೇಕೆಂಬುದನ್ನೂ ಅವಳಿಗೆ ಬರೆದು ಕಳುಹಿಸಿದನು. ಉಳಿದ ಏಳು ಹೆಸರುಗಳ ಹಿಂದಿನ ಒಡೆಯರಿಗೂ ಪತ್ರ ಹೋಯಿತು. ಇಬ್ಬರು ಹಿಂದಕ್ಕೆ ಪಡೆದರು, ಒಬ್ಬರು ಬೇಡವೆಂದರು, ನಾಲ್ವರಿಂದ ಉತ್ತರವೇ ಬರಲಿಲ್ಲ. ಬೇಡವೆಂದವರ ಹೆಸರನ್ನು ಮಾತ್ರ ಇಟ್ಟುಕೊಂಡನು. ಉತ್ತರ ಬಾರದ ನಾಲ್ಕನ್ನು ಒಂದು ವರ್ಷ ಕಾಯುವುದೆಂದು ತೀರ್ಮಾನವಾಯಿತು. ಎರಡನೆಯ ಗುಂಪಿನ 22 ಹೆಸರುಗಳನ್ನು ನವೀಕರಿಸದೆ ಬಿಟ್ಟನು. ಸಾಮಾನ್ಯ ಪದಗಳ 126ರಲ್ಲಿ, ತಂದೆಯ ಮಾತಿನಂತೆ, 50ಕ್ಕೆ ಮಿತಿ ಹಾಕಿಕೊಂಡನು. ವ್ಯಾಪಾರ ನಿಲ್ಲಲಿಲ್ಲ, ಅದಕ್ಕೊಂದು ಪರಿಮಾಣ ಬಂತು. ಆ ವರ್ಷದ ಲೆಕ್ಕದಲ್ಲಿ ನಷ್ಟವು ನಷ್ಟವಾಗಿಯೇ ಬರೆಯಲ್ಪಟ್ಟಿತು. 40 ಲಕ್ಷದ ಮೊತ್ತವಿದ್ದ ಕಾಗದವನ್ನು ವರ್ತಕರು ಹರಿಯಲಿಲ್ಲ, ಖಾತೆಯ ಪುಸ್ತಕದೊಳಗೆ ಮಡಿಚಿಟ್ಟರು.

ಓದುಗರಲ್ಲಿ ಅಂಗಡಿ, ಕಾರ್ಖಾನೆ, ಶಾಲೆ, ಟ್ರಸ್ಟುಗಳನ್ನು ನಡೆಸುವವರು ಅನೇಕರಿದ್ದಾರೆ. ಅವರು ಈ ಪ್ರಸಂಗದಿಂದ ವ್ಯಾವಹಾರಿಕವಾದ ಒಂದೆರಡು ಪಾಠಗಳನ್ನೂ ಪಡೆಯಬಹುದು. ಡೊಮೇನ್ ಹೆಸರು ಜಾಲತಾಣ ಮಾಡಿಕೊಟ್ಟವನ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಜ್ಞಾಪನ ಪತ್ರಗಳು ಹೋಗುವ ಇ-ಮೇಲನ್ನು ಮನೆಯಲ್ಲಿ ಇಬ್ಬರಾದರೂ ತೆರೆಯುವಂತಿರಬೇಕು. ಹಲವು ವರ್ಷಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿ, ಮುಗಿಯುವ ದಿನಾಂಕವನ್ನು ದೀಪಾವಳಿಯಂದು ತೆರೆಯುವ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ ಮರೆವಿಗೆ ಅವಕಾಶವಿರದು. ಇಂದು ಕನ್ನಡದ ಅಕ್ಷರಗಳಲ್ಲಿಯೇ ಡಾಟ್ ಭಾರತ ಎಂಬ ಬಾಲವುಳ್ಳ ಹೆಸರುಗಳೂ ದೊರೆಯುತ್ತವೆ. ಅವುಗಳನ್ನು ಪಡೆಯುವವರಿಗೂ ಇದೇ ಎಚ್ಚರ ಅಗತ್ಯ.

ಕೊಳ್ಳುವವರಿಗಾದರೋ ಚಿಕ್ಕಪೇಟೆಯ ವರ್ತಕರ ಒಂದೇ ಪ್ರಶ್ನೆ ಸಾಕು. ಯಾವ ವಸ್ತುವಿನಲ್ಲೇ ಆಗಲಿ, ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವು ತನ್ನ ದುಡಿಮೆಯಿಂದ, ತಾನು ಹೊತ್ತ ಅಪಾಯದಿಂದ, ತನ್ನ ತಿಳಿವಳಿಕೆಯಿಂದ ಬಂದುದಾದರೆ ಅದಕ್ಕೆ ಲಾಭವೆಂದು ಹೆಸರು. ಇನ್ನೊಬ್ಬರ ದುಡಿಮೆಯಿಂದ, ಮರೆವಿನಿಂದ, ಭಯದಿಂದ ಬಂದುದಾದರೆ, ಕಿರ್ದಿಯಲ್ಲಿ ಅದನ್ನು ಜಮೆಯ ಕಡೆಗೆ ಬರೆದ ಮಾತ್ರಕ್ಕೆ ಅದು ಲಾಭವಾಗುವುದಿಲ್ಲ. ತೀರಿಸಬೇಕಾದ ಸಾಲವಾಗಿಯೇ ಉಳಿಯುತ್ತದೆ.